‘ಮಲೆಗಳಲ್ಲಿ ಮದುಮಗಳು’ ನಿಧಾನವಾಗಿ ಓದುವವರಿಗೆ: ಯಾವ ಕ್ರಮ ಯಾರಿಗೆ ಒಗ್ಗುತ್ತದೆ?

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಹೊರಬಂದಾಗಿನಿಂದಲೂ ಮರುಮುದ್ರಣ ಕಾಣುತ್ತಲೇ ಇರುವ ಕಾದಂಬರಿ. ಅದನ್ನು ಕೊಂಡು ಮನೆಗೆ ತಂದವರು ಬಹಳ ಮಂದಿ. ಆದರೆ ಮೊದಲ ನೂರು ಪುಟಗಳೊಳಗೆ ಎಲ್ಲೋ ಒಂದು ಕಡೆ ಗುರುತಿಟ್ಟು, ಬಿಡುವಾದಾಗ ನೋಡೋಣ ಎಂದುಕೊಂಡು, ಮತ್ತೆ ಅದನ್ನು ಕೈಗೆತ್ತಿಕೊಳ್ಳದೆ ಹೋದವರೂ ನನಗೆ ಸಾಕಷ್ಟು ಜನ ಗೊತ್ತು. ಅವರಲ್ಲಿ ಹೆಚ್ಚಿನವರು ಒಳ್ಳೆಯ ಓದುಗರೇ ಆಗಿದ್ದರು, ಬೇರೆ ಕಾದಂಬರಿಗಳನ್ನು ಒಂದು ವಾರದಲ್ಲಿ ಮುಗಿಸುವಂಥವರು. ಬೇರೆ ಕಾದಂಬರಿಗಳಿಗೆ ಒಗ್ಗಿದ ಓದಿನ ಕ್ರಮವನ್ನೇ ಇದಕ್ಕೂ ಹಿಡಿದದ್ದರಿಂದ ಅವರಿಗೆ ತೊಡಕಾಯಿತೆಂಬುದು ನನ್ನ ನಂಬಿಕೆ. ಈ ಕಾದಂಬರಿಯನ್ನು ತಿಂಗಳುಗಟ್ಟಲೆ ಹಿಡಿದು ಓದಲು ಹಲವು ದಾರಿಗಳಿವೆ. ದಿನಕ್ಕೆ ಇಷ್ಟು ಪುಟ ಎಂದು ಗೊತ್ತುಮಾಡಿಕೊಂಡು ಒಬ್ಬರೇ ಓದಬಹುದು, ಸನ್ನಿವೇಶದ ಜಾಡು ಹಿಡಿದು ಓದಬಹುದು, ವಾರಕ್ಕೊಮ್ಮೆ ಬಳಗ ಕೂಡಿ ಓದಬಹುದು, ಗಟ್ಟಿಯಾಗಿ ಓದಿ ಕೇಳಿಸಬಹುದು, ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಓದಬಹುದು, ನಾಟಕ ನೋಡಿ ಆಮೇಲೆ ಪುಸ್ತಕಕ್ಕೆ ಬರಬಹುದು. ಇವುಗಳಲ್ಲಿ ಯಾವುದು ಯಾರಿಗೆ ಸಲ್ಲುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ತೂಗಿ ನೋಡಿದ್ದೇನೆ. ಇನ್ನೂ ಪುಸ್ತಕ ತೆರೆಯದವರಿಗಾಗಿ ಕಥೆಯ ತಿರುವುಗಳನ್ನು ಆದಷ್ಟು ಬಿಟ್ಟುಕೊಡದೆ ಬರೆದಿದ್ದೇನೆ.

ತೊಡಕು ಇರುವುದೆಲ್ಲಿ?

ದಾರಿಗಳನ್ನು ಹೋಲಿಸುವ ಮೊದಲು ಈ ಪುಸ್ತಕ ಯಾಕೆ ಕಷ್ಟವೆನಿಸುತ್ತದೆ ಎಂಬುದನ್ನು ಸ್ಪಷ್ಟಮಾಡಿಕೊಳ್ಳಬೇಕು, ಏಕೆಂದರೆ ಒಂದೊಂದು ಕ್ರಮವೂ ಒಂದೊಂದು ಕಷ್ಟವನ್ನು ಮಾತ್ರ ನೀಗಿಸುತ್ತದೆ.

ಮೊದಲನೆಯದಾಗಿ, ಇಲ್ಲಿ ಓದುಗರು ಕೈಹಿಡಿದು ನಡೆಯಬಹುದಾದ ಒಬ್ಬ ನಾಯಕನಿಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಎಂದು ಕುವೆಂಪು ಆರಂಭದಲ್ಲಿಯೇ ಓದುಗರಿಗೆ ತಿಳಿಸಿದ್ದಾರೆ. ಆ ಮಾತನ್ನು ಬರಿಯ ತತ್ತ್ವವೆಂದು ಓದಿ ಮುಂದೆ ಹೋಗುವವರು ಹೆಚ್ಚು. ಅದು ಓದಿನ ಸೂಚನೆಯೂ ಹೌದು. ಆರಂಭದಲ್ಲಿ ನಾವು ಜೊತೆಗೂಡುವುದು ಸಿಂಬಾವಿಯ ಹೆಗ್ಗಡೆಯವರ ಆಳಾದ ಗುತ್ತಿ ಮತ್ತು ಅವನ ನಾಯಿ ಹುಲಿಯನನ್ನು. ಇವನೇ ಕಥಾನಾಯಕನೆಂದು ನಂಬಿ ಅವನ ಹಿಂದೆ ನಡೆಯುತ್ತಿರುವಾಗಲೇ ಕಥೆ ಅವನನ್ನು ಬಿಟ್ಟು ಮತ್ತೊಂದು ಮನೆಯ ಜಗಲಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ಮನೆಯ ಅಡುಗೆಮನೆಗೆ, ಅಲ್ಲಿಂದ ಘಟ್ಟದ ಕೆಳಗಿನಿಂದ ಬಂದ ಕೂಲಿಯಾಳುಗಳ ಬಿಡಾರಕ್ಕೆ. ಬಿಟ್ಟುಹೋದ ಪಾತ್ರ ಮತ್ತೆ ಕಾಣಿಸಿಕೊಳ್ಳುವಷ್ಟರಲ್ಲಿ ನೂರು ಪುಟ ಕಳೆದಿರಬಹುದು.

ಎರಡನೆಯದು ಕಾಲದ ನಡಿಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ತೀರ್ಥಹಳ್ಳಿ ಸೀಮೆಯಲ್ಲಿ ಕಥೆ ನಡೆಯುತ್ತದೆ. ರಸ್ತೆಗಿಂತ ಕಾಲುದಾರಿ ಹೆಚ್ಚಾಗಿದ್ದ ಆ ನಾಡಿನಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದೇ ಒಂದು ದೊಡ್ಡ ಕೆಲಸ. ಗುಡ್ಡ ಹತ್ತಿ ಇಳಿಯುವ ಒಂದು ಸಂಜೆ ಹಲವು ಪುಟಗಳನ್ನು ಹಿಡಿಯುತ್ತದೆ. ಮೂರನೆಯದು ಮಾತು. ನಿರೂಪಣೆಯ ವಾಕ್ಯಗಳು ಸಂಸ್ಕೃತದ ಸಮಾಸಗಳೊಡನೆ ಗಂಭೀರವಾಗಿ ಸಾಗುತ್ತವೆ. ಸಂಭಾಷಣೆ ಬಂದಾಗ ಅದೇ ಪುಟದಲ್ಲಿ ಮಲೆನಾಡಿನ ಆಡುಮಾತು ಎದುರಾಗುತ್ತದೆ, ಅದೂ ಗೌಡರ ಮನೆಯದೊಂದು ಬಗೆ, ಕೇರಿಯದೊಂದು ಬಗೆ, ಘಟ್ಟದ ಕೆಳಗಿನವರದು ಮತ್ತೊಂದು ಬಗೆ. ಕಣ್ಣು ಒಂದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಪಾತ್ರಗಳ ಗೊಂದಲ, ನಡಿಗೆಯ ನಿಧಾನ, ಮಾತಿನ ವೈವಿಧ್ಯ, ಈ ಮೂರರಲ್ಲಿ ನಿಮಗೆ ಹೆಚ್ಚು ಅಡ್ಡಬರುವುದು ಯಾವುದೆಂದು ಮೊದಲೇ ಊಹಿಸಿಕೊಂಡರೆ ಮುಂದಿನ ಆಯ್ಕೆ ಅರ್ಧ ಮುಗಿದಂತೆ.

ಮೊದಲು ‘ಕಾನೂರು ಹೆಗ್ಗಡಿತಿ’ ಓದಬೇಕೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ‘ಕಾನೂರು ಹೆಗ್ಗಡಿತಿ’ ಪ್ರಕಟವಾದದ್ದು 1936ರಲ್ಲಿ, ಅಂದರೆ ‘ಮದುಮಗಳು’ ಕಾದಂಬರಿಗಿಂತ 31 ವರ್ಷ ಮೊದಲು. ಅದೇ ಮಲೆನಾಡು, ಅದೇ ಅಡಕೆ ತೋಟ, ಅದೇ ಬೇಟೆ, ಅದೇ ದೊಡ್ಡ ಮನೆಗಳ ಒಳಜಗಳ. ಆದರೆ ಅಲ್ಲಿ ಮೈಸೂರಿನಲ್ಲಿ ಓದಿ ಊರಿಗೆ ಬರುವ ಹೂವಯ್ಯ ಇದ್ದಾನೆ. ಹೊರಗಿನ ಓದು, ಒಳಗಿನ ಊರು ಎರಡೂ ತಿಳಿದ ಅವನ ಕಣ್ಣಿನ ಮೂಲಕ ನಾವು ಮಲೆನಾಡನ್ನು ಕಾಣುತ್ತೇವೆ, ಮತ್ತು ನಮಗೆ ವಿಚಿತ್ರವೆನಿಸುವುದು ಬಹುಪಾಲು ಅವನಿಗೂ ಹಾಗೆಯೇ ಅನಿಸುತ್ತದೆ. ಹೂವಯ್ಯ, ಸೀತೆ, ಚಂದ್ರಯ್ಯಗೌಡ, ಸುಬ್ಬಮ್ಮ ಇವರನ್ನು ಹಿಡಿದುಕೊಂಡರೆ ಕಥೆಯ ದಾರಿ ತಪ್ಪುವುದಿಲ್ಲ. ‘ಮದುಮಗಳು’ ಕಾದಂಬರಿಯಲ್ಲಿ ಅಂಥ ನಡುವಿನವರು ಯಾರೂ ಇಲ್ಲ. ಓದುಗರನ್ನು ನೇರವಾಗಿ ಕಾಡಿನೊಳಕ್ಕೆ ಬಿಟ್ಟುಬಿಡುತ್ತಾರೆ.

ಬಯಲುಸೀಮೆಯಲ್ಲಿ, ಉತ್ತರ ಕರ್ನಾಟಕದಲ್ಲಿ ಅಥವಾ ಹೊರನಾಡಿನಲ್ಲಿ ಬೆಳೆದು, ಗೊರಬು, ಹಕ್ಕಲು, ಹಾಡ್ಯ, ಹಳು, ಸೇರೆಗಾರ ಮೊದಲಾದ ಮಾತುಗಳನ್ನು ಮೊದಲ ಸಲ ಕೇಳುತ್ತಿರುವವರು ‘ಕಾನೂರು’ ಮೊದಲು ಓದುವುದು ಒಳ್ಳೆಯದು. ಪದಗಳು ಅಲ್ಲಿ ಪರಿಚಯವಾಗಿಬಿಟ್ಟರೆ ಇಲ್ಲಿ ಪಾತ್ರಗಳ ಕಡೆಗೆ ಗಮನ ಕೊಡಲು ಸಾಧ್ಯವಾಗುತ್ತದೆ. ಆದರೆ ಒಂದರ ಬೆನ್ನಿಗೇ ಇನ್ನೊಂದನ್ನು ಓದುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಎರಡೂ ದೊಡ್ಡ ಪುಸ್ತಕಗಳು. ಅದೂ ಅಲ್ಲದೆ ಮೊದಲನೆಯದರಲ್ಲಿ ಹೂವಯ್ಯನ ಜೊತೆಗೆ ನಡೆದ ಮನಸ್ಸು ಎರಡನೆಯದರಲ್ಲಿಯೂ ಒಬ್ಬ ಹೂವಯ್ಯನನ್ನು ಹುಡುಕುತ್ತಿರುತ್ತದೆ. ಇಲ್ಲಿನ ಕೋಣೂರು ಮನೆಯ ಮುಕುಂದಯ್ಯನಿಗೆ ಆ ಸ್ಥಾನ ಕೊಟ್ಟು ಓದಿದವರು ಆಳುಗಳಾದ ಗುತ್ತಿ, ಐತ, ಪೀಂಚಲು ಇವರ ಭಾಗಗಳನ್ನು ಉಪಕಥೆಯೆಂದು ಎಣಿಸಿ ಬೇಗ ಬೇಗ ಹಾರಿಸಿಬಿಡುತ್ತಾರೆ, ಮತ್ತು ಈ ಕಾದಂಬರಿಯಲ್ಲಿ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಕೆಲವು ತಿಂಗಳ ಬಿಡುವು ಕೊಟ್ಟು ಮುಂದುವರಿಯುವುದು ಮೇಲು. ಮಲೆನಾಡಿನವರೇ ಆದರೆ, ಅಥವಾ ಕರಾವಳಿಯ ಬಳಕೆ ಇದ್ದರೆ, ನೇರವಾಗಿ ‘ಮದುಮಗಳು’ ಕಾದಂಬರಿಗೇ ಹೋಗಬಹುದು.

ದಿನಕ್ಕೆ ಇಷ್ಟು ಪುಟ

ಮುದ್ರಣದಿಂದ ಮುದ್ರಣಕ್ಕೆ ವ್ಯತ್ಯಾಸವಿದ್ದರೂ ಪುಸ್ತಕ ಸುಮಾರು 700 ಪುಟಗಳದೆಂದು ಇಟ್ಟುಕೊಳ್ಳೋಣ. ದಿನಕ್ಕೆ 10 ಪುಟವಾದರೆ 70 ದಿನ, 5 ಪುಟವಾದರೆ 140 ದಿನ. ಕೆಲಸಕ್ಕೆ ಹೋಗುವವರಿಗೆ, ಬಸ್ಸಿನಲ್ಲಿಯೋ ಮೆಟ್ರೋದಲ್ಲಿಯೋ ಅರ್ಧ ಗಂಟೆ ಸಿಗುವವರಿಗೆ, ಇದೇ ಸುಲಭದ ಲೆಕ್ಕ. ನಿತ್ಯದ ಅಭ್ಯಾಸ ತಪ್ಪದಂತೆ ಕಾಯುವುದು ಈ ಕ್ರಮದ ದೊಡ್ಡ ಗುಣ, ಮತ್ತು ನಡಿಗೆಯ ನಿಧಾನ ಯಾರಿಗೆ ಬೇಸರ ತರಿಸುತ್ತದೆಯೋ ಅವರಿಗೆ ಇದು ನೆರವಾಗುತ್ತದೆ, ಏಕೆಂದರೆ 5 ಪುಟದಷ್ಟು ಕಾಡಿನ ವರ್ಣನೆಯನ್ನು ಯಾರಾದರೂ ಸಂತೋಷವಾಗಿಯೇ ಓದಬಲ್ಲರು.

ಇದರ ದೋಷವೆಂದರೆ ಪುಟದ ಎಣಿಕೆಗೆ ಸನ್ನಿವೇಶದ ಅರಿವಿಲ್ಲ. ಈ ಕಾದಂಬರಿಯ ಒಂದು ಸನ್ನಿವೇಶ ಮೆಲ್ಲನೆ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಜಗಲಿಯಲ್ಲಿ ಕುಳಿತವರ ಮಾತು, ನಡುವೆ ಎಲೆಅಡಕೆ, ಅಂಗಳದಲ್ಲಿ ಮಳೆಯ ಸೂಚನೆ, ಒಳಗಿನಿಂದ ಹೆಂಗಸರ ದನಿ, ಇವೆಲ್ಲ ಸೇರಿ ಒಬ್ಬರ ಮನಸ್ಸಿನ ಒಂದು ನಿರ್ಧಾರಕ್ಕೆ ಬಂದು ಮುಟ್ಟುತ್ತವೆ. ಆ ನಿರ್ಧಾರ ಹನ್ನೊಂದನೆಯ ಪುಟದಲ್ಲಿದ್ದು ನೀವು ಹತ್ತಕ್ಕೆ ನಿಲ್ಲಿಸಿದರೆ, ಮರುದಿನ ಓದುವಾಗ ಅದು ಎಲ್ಲಿಂದ ಬಂತೆಂಬುದೇ ಹೊಳೆಯುವುದಿಲ್ಲ. ಪಾತ್ರಗಳ ಗೊಂದಲವೂ ಈ ಕ್ರಮದಲ್ಲಿಯೇ ಹೆಚ್ಚು, ಏಕೆಂದರೆ ನಡುವೆ ಎರಡು ದಿನ ತಪ್ಪಿದರೂ ಹೆಸರುಗಳು ಜಾರುತ್ತವೆ.

ಸನ್ನಿವೇಶದ ಜಾಡು ಹಿಡಿದು, ಮನೆಗಳ ಪಟ್ಟಿಯೊಂದಿಗೆ

ಒಬ್ಬರೇ ಓದುವವರಿಗೆ ನಾನು ಹೇಳುವುದು ಈ ದಾರಿಯನ್ನು. ಪುಟ ಎಣಿಸದೆ, ಕಥೆ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುವ ಕಡೆ ನಿಲ್ಲಿಸಬೇಕು. ಅದು ಕೆಲವು ದಿನ ನಾಲ್ಕು ಪುಟವಾದೀತು, ಕೆಲವು ದಿನ ಇಪ್ಪತ್ತೈದಾದೀತು. ಜೊತೆಗೆ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಒಂದು ಪಟ್ಟಿ ಮಾಡಿಕೊಳ್ಳಬೇಕು. ವ್ಯಕ್ತಿಗಳನ್ನು ಅಕಾರಾದಿಯಾಗಿ ಬರೆದುಕೊಂಡರೆ ಪ್ರಯೋಜನವಿಲ್ಲ, ಮನೆ ಮನೆಯಾಗಿ ಬರೆದುಕೊಳ್ಳಬೇಕು. ಉದಾಹರಣೆಗೆ, ಸಿಂಬಾವಿ ಎಂದು ಬರೆದು ಅದರ ಕೆಳಗೆ ಭರಮೈಹೆಗ್ಗಡೆ, ಆಳು ಗುತ್ತಿ, ನಾಯಿ ಹುಲಿಯ. ಬೆಟ್ಟಳ್ಳಿಯ ಕೆಳಗೆ ಕಲ್ಲಯ್ಯಗೌಡ, ಮಗ ದೇವಯ್ಯ, ಕೇರಿಯ ತಿಮ್ಮಿ. ಕೋಣೂರಿನ ಕೆಳಗೆ ಮುಕುಂದಯ್ಯ, ಘಟ್ಟದ ಕೆಳಗಿನಿಂದ ಬಂದ ಐತ ಮತ್ತು ಪೀಂಚಲು. ಹೂವಳ್ಳಿಯ ಕೆಳಗೆ ವೆಂಕಟಣ್ಣ, ಮಗಳು ಚಿನ್ನಮ್ಮ. ಹಳೆಮನೆಗೆ ಸುಬ್ಬಣ್ಣಹೆಗ್ಗಡೆ. ಮೇಗರವಳ್ಳಿಗೆ ಅಂತಕ್ಕಸೆಟ್ಟಿತಿ, ಮಗಳು ಕಾವೇರಿ. ಹೀಗೆ ಆರೇಳು ಮನೆಗಳಾಗುವಷ್ಟರಲ್ಲಿ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಪ್ರತಿ ಮನೆಗೂ ಒಂದು ಕೇರಿಯೋ ಬಿಡಾರವೋ ಅಂಟಿಕೊಂಡಿದೆ, ಮತ್ತು ಗೌಡರ ಮನೆಯೊಳಗೆ ಆಗುವ ಸಣ್ಣ ಮಾತಿನ ಪೆಟ್ಟು ಎರಡು ದಿನದೊಳಗೆ ಆ ಬಿಡಾರದಲ್ಲಿ ಯಾರದೋ ಬೆನ್ನಿಗೆ ಬಿದ್ದಿರುತ್ತದೆ. ಪಟ್ಟಿಯಿಲ್ಲದೆ ಓದಿದವರಿಗೆ ಈ ಕೊಂಡಿ ಸುಲಭವಾಗಿ ಕಾಣುವುದಿಲ್ಲ.

ಪಟ್ಟಿಯ ಪಕ್ಕದಲ್ಲಿ ಒಂದು ನಕ್ಷೆಯನ್ನೂ ಗೀಚಿಕೊಂಡರೆ ಇನ್ನೂ ಒಳ್ಳೆಯದು. ಅಳತೆ ಸರಿಯಿರಬೇಕಾಗಿಲ್ಲ. ತೀರ್ಥಹಳ್ಳಿ, ಮೇಗರವಳ್ಳಿ, ಹುಲಿಕಲ್ಲಿನ ಏರು, ಸುತ್ತಲಿನ ಮನೆಗಳು, ಇಷ್ಟು ಸಾಕು. ಯಾರು ಯಾವ ಹೊತ್ತಿನಲ್ಲಿ ಯಾವ ಕಡೆ ಹೋಗುತ್ತಿದ್ದಾರೆ, ಯಾರು ಯಾರಿಗೆ ಎದುರಾಗಬಹುದು ಎಂಬುದು ಈ ಕಾದಂಬರಿಯಲ್ಲಿ ಬಹಳ ಮುಖ್ಯ.

ಅರ್ಥವಾಗದ ಮಾತುಗಳಿಗೆ ಪ್ರತಿ ಸಲ ನಿಘಂಟು ತೆರೆಯುವುದು ಬೇಡ. ಅವುಗಳಲ್ಲಿ ಹೆಚ್ಚಿನವು ಮೂರು ನಾಲ್ಕು ಸಲ ಬರುವಷ್ಟರಲ್ಲಿ ತಾವಾಗಿಯೇ ತಿಳಿಯುತ್ತವೆ. ಆಡುಮಾತಿನ ರೂಪಗಳು ಎಷ್ಟೋ ಸಲ ನಿಘಂಟಿನಲ್ಲಿ ಸಿಗುವುದೂ ಇಲ್ಲ. ಪೆನ್ಸಿಲಿನಿಂದ ಅಡಿಗೆರೆ ಎಳೆದು ಮುಂದೆ ಹೋಗಿ, ವಾರದ ಕೊನೆಯಲ್ಲಿ ಉಳಿದವನ್ನು ಮಾತ್ರ ತಿಳಿದವರನ್ನು ಕೇಳುವುದು ಒಳ್ಳೆಯದು. ಈ ಕೆಲಸಕ್ಕೆ ಇ-ಪುಸ್ತಕಕ್ಕಿಂತ ಮುದ್ರಿತ ಪ್ರತಿಯೇ ಅನುಕೂಲ. ಹಿಂದಕ್ಕೆ ಹೋಗಿ ಒಬ್ಬ ಪಾತ್ರವನ್ನು ಹುಡುಕುವಾಗ ಅದು ಎಡಪುಟದ ಮೇಲ್ಭಾಗದಲ್ಲಿತ್ತೆಂಬ ಕಣ್ಣಿನ ನೆನಪು ನಿಜವಾಗಿ ಕೆಲಸಕ್ಕೆ ಬರುತ್ತದೆ. ಭಾರದ ಪುಸ್ತಕ ಹಿಡಿಯಲಾಗದ ಹಿರಿಯರಿಗೆ ಮೇಜು ಬೇಕು, ಅಷ್ಟೆ.

ಬಳಗದ ಓದು

ನಾಲ್ಕರಿಂದ ಎಂಟು ಜನ ವಾರಕ್ಕೊಮ್ಮೆ ಸೇರುವುದು ಒಳ್ಳೆಯ ಗಾತ್ರ. ಅದಕ್ಕಿಂತ ಹೆಚ್ಚಾದರೆ ಕೆಲವರು ಕೇಳುಗರಾಗಿಯೇ ಉಳಿದುಬಿಡುತ್ತಾರೆ. ಪಾತ್ರಗಳ ಗೊಂದಲಕ್ಕೆ ಇದರಷ್ಟು ಒಳ್ಳೆಯ ಮದ್ದಿಲ್ಲ, ಏಕೆಂದರೆ ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಟ್ಟಿರುತ್ತಾರೆ. ಬಳಗದಲ್ಲಿ ಮಲೆನಾಡಿನ ಒಬ್ಬರಾದರೂ ಇದ್ದರೆ ಮಾತಿನ ತೊಡಕೂ ಬಹಳ ಮಟ್ಟಿಗೆ ನೀಗುತ್ತದೆ. ಬಗನಿ ಕಳ್ಳು ಎಂದರೇನು, ಗೊರಬನ್ನು ಹೇಗೆ ಹೊದೆಯುತ್ತಾರೆ, ಮಳೆಗಾಲದಲ್ಲಿ ಸೌದೆ ಎಲ್ಲಿಡುತ್ತಾರೆ ಎಂಬುದನ್ನು ಕಂಡವರ ಬಾಯಲ್ಲಿ ಕೇಳಿದರೆ ಆ ಪುಟ ಮರೆಯುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರಿಗೆ ವಿಡಿಯೋ ಕರೆಯ ಮೂಲಕ ಇದು ಈಗ ಸುಲಭವಾಗಿದೆ. ಹೊತ್ತು ಮಾತ್ರ ಹೊಂದಿಸಿಕೊಳ್ಳಬೇಕು.

ಬಳಗ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಮೊದಲನೆಯದು, ಮನೆಯಲ್ಲಿ ಓದಿಕೊಂಡು ಬನ್ನಿ ಎಂದು ಹೇಳಿ ವಾರಕ್ಕೆ 50 ಪುಟ ಗೊತ್ತುಮಾಡುವುದು. ಮೂರನೆಯ ವಾರಕ್ಕೆ ಅರ್ಧ ಜನ ಹಿಂದುಳಿಯುತ್ತಾರೆ, ಸಂಕೋಚದಿಂದ ಬರುವುದನ್ನೇ ಬಿಡುತ್ತಾರೆ. 20 ಪುಟಕ್ಕಿಂತ ಹೆಚ್ಚು ಇಡಬಾರದು, ಆ ಲೆಕ್ಕದಲ್ಲಿ ಇದು 35 ವಾರದ ಕೆಲಸವೆಂದು ಎಲ್ಲರೂ ಮೊದಲೇ ಒಪ್ಪಿಕೊಂಡಿರಬೇಕು. ಎರಡನೆಯದು, ಪುಸ್ತಕ ಬಿಟ್ಟು ಲೇಖಕರ ಬಗ್ಗೆ ಮಾತಾಡುವ ಅಭ್ಯಾಸ. ಜ್ಞಾನಪೀಠ, ವಿಶ್ವಮಾನವ ಸಂದೇಶ, ನಾಡಗೀತೆ, ಇವೆಲ್ಲ ದೊಡ್ಡ ವಿಷಯಗಳೇ. ಆದರೆ ಒಂದು ಗಂಟೆಯ ಕೂಟದಲ್ಲಿ ಅವು ಬಂದುಬಿಟ್ಟರೆ ಪೀಂಚಲುವಿಗೆ ಜಾಗ ಉಳಿಯುವುದಿಲ್ಲ. ಮಾತು ಯಾವುದೇ ಕಡೆ ಹೋಗಲಿ, ಯಾವ ಪುಟದಲ್ಲಿ ಎಂದು ಕೇಳುವವರು ಒಬ್ಬರು ಬೇಕು.

ಬಳಗದವರು ಮೊದಲೇ ಮಾತಾಡಿಕೊಳ್ಳಬೇಕಾದ ಇನ್ನೊಂದು ವಿಷಯವಿದೆ. ಈ ಕಾದಂಬರಿಯಲ್ಲಿ ಆ ಕಾಲದ ಜಾತಿಯ ಹೆಸರುಗಳು, ಬೈಗುಳಗಳು, ಜೀತದಾಳುಗಳನ್ನು ನಡೆಸಿಕೊಳ್ಳುತ್ತಿದ್ದ ಕ್ರೌರ್ಯ ಯಾವ ಮುಚ್ಚುಮರೆಯೂ ಇಲ್ಲದೆ ಬರುತ್ತವೆ. ಅವನ್ನು ಹಾರಿಸಿ ಓದುವುದು ತಪ್ಪು. ಏನೂ ಆಗಿಲ್ಲವೆಂಬಂತೆ ಓದಿ ಮುಂದೆ ಹೋಗುವುದು ಅದಕ್ಕಿಂತ ತಪ್ಪು. ಕೂಟದಲ್ಲಿ ಆ ಬೈಗುಳ ತನ್ನ ಮನೆಯವರಿಗೆ ಬಿದ್ದದ್ದನ್ನು ಕೇಳಿ ಬೆಳೆದ ಒಬ್ಬರು ಇರಬಹುದು. ಆ ಭಾಗ ಬರುವ ವಾರ ಅದನ್ನು ಮೊದಲೇ ಹೇಳಿ, ಯಾರು ಓದಬೇಕೆಂಬುದನ್ನು ಅವರವರ ಇಷ್ಟಕ್ಕೆ ಬಿಡಬೇಕು. ಗುತ್ತಿಯ ಒಳಮನಸ್ಸಿಗೆ, ಅವನ ಪ್ರೀತಿಗೆ, ಅವನ ಹೆದರಿಕೆಗೆ ಕುವೆಂಪು ಕೊಟ್ಟಿರುವ ಪುಟಗಳು ಗೌಡರ ಮನೆಯವರಿಗೆ ಕೊಟ್ಟದ್ದಕ್ಕೆ ಏನೂ ಕಡಿಮೆಯಿಲ್ಲ ಎಂಬುದನ್ನು ಗಮನಿಸಿದ ಬಳಗಕ್ಕೆ ಈ ಮಾತುಕತೆ ಕಷ್ಟವಾದರೂ ಸಾರ್ಥಕವಾಗುತ್ತದೆ.

ಗಟ್ಟಿಯಾಗಿ ಓದುವುದು

ಎಲ್ಲ ಕ್ರಮಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು. ಜನ ಕಡಿಮೆ ಪ್ರಯತ್ನಿಸುವುದೂ ಇದನ್ನೇ. ಮಲೆನಾಡಿನ ಮಾತು ಅಕ್ಷರದಲ್ಲಿ ಕಂಡಾಗ ಕಣ್ಣಿಗೆ ಒರಟು, ಕಿವಿಗೆ ಬಿದ್ದೊಡನೆ ಸಲೀಸು. ನುಂಗಿಹೋದ ಸ್ವರಗಳು, ತುದಿ ಕತ್ತರಿಸಿದ ಕ್ರಿಯಾಪದಗಳು, ಮಾತಿನ ನಡುವಿನ ‘ಹಂಗಾರೆ’, ‘ಕಣೋ’ ಇವೆಲ್ಲ ಬಾಯಲ್ಲಿ ಆಡಿದರೆ ತಮ್ಮ ಅರ್ಥವನ್ನು ತಾವೇ ಕೊಡುತ್ತವೆ. ಕಾದಂಬರಿಯಲ್ಲಿ ಒಂದು ಕಡೆ ಪಾದ್ರಿಯ ವಿಚಿತ್ರ ವಾಹನದ ಬಗ್ಗೆ ಊರಿನವರು ಬೆರಗಿನಿಂದ ಮಾತಾಡಿಕೊಳ್ಳುತ್ತಾರೆ, ಅದನ್ನು ‘ಬೀಸೆಕಲ್ಲು’ ಎನ್ನುತ್ತಾರೆ. ಮನಸ್ಸಿನಲ್ಲಿ ಓದುತ್ತಾ ಹೋದವರು ರಾಗಿ ಬೀಸುವ ಕಲ್ಲು ಇಲ್ಲಿಗೇಕೆ ಬಂತೆಂದು ಯೋಚಿಸುತ್ತಾ ನಿಲ್ಲಬಹುದು. ಗಟ್ಟಿಯಾಗಿ ಓದಿದವರ ಕಿವಿಗೆ ಎರಡನೆಯ ಸಲಕ್ಕೇ ಬೈಸಿಕಲ್ಲು ಕೇಳಿಸಿ, ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೇ ನಗುತ್ತಾರೆ. ಈ ಕಾದಂಬರಿಯಲ್ಲಿ ನಗು ಬಹಳ ಇದೆ ಎಂಬುದು ಗಟ್ಟಿಯಾಗಿ ಓದುವವರೆಗೆ ಹಲವರಿಗೆ ಗೊತ್ತೇ ಆಗುವುದಿಲ್ಲ.

ನಿರೂಪಣೆಯ ಉದ್ದ ವಾಕ್ಯಗಳಿಗೂ ಇದೇ ಮಾತು ಸಲ್ಲುತ್ತದೆ. ಒಂದು ಬೆಳಗಿನ ಕಾಡನ್ನು ವರ್ಣಿಸುವ ವಾಕ್ಯ ಆರೇಳು ಸಾಲು ಹರಿದು ಕ್ರಿಯಾಪದಕ್ಕೆ ಮುಟ್ಟುವಾಗ, ಕಣ್ಣು ಮೂರನೆಯ ಸಾಲಿನಲ್ಲಿ ಜಾರಿ ಕೊನೆಗೆ ಹಾರಿರುತ್ತದೆ. ಬಾಯಿಗೆ ಹಾಗೆ ಹಾರಲು ಬರುವುದಿಲ್ಲ, ಉಸಿರು ಎಲ್ಲಿ ತೆಗೆಯಬೇಕೆಂದು ಹುಡುಕುತ್ತಲೇ ವಾಕ್ಯದ ಕಟ್ಟು ತಿಳಿಯುತ್ತದೆ. ಪುಟಕ್ಕೆ ಮೂರು ನಿಮಿಷವೆಂದು ಹಿಡಿದರೆ ಇಡೀ ಪುಸ್ತಕಕ್ಕೆ 35 ಗಂಟೆ. ವಾರಕ್ಕೆ ಒಂದು ಗಂಟೆಯಂತೆ ಬಳಗದ ಲೆಕ್ಕಕ್ಕೇ ಸರಿಹೋಗುತ್ತದೆ. ಆದ್ದರಿಂದ ಇವೆರಡನ್ನೂ ಕೂಡಿಸಿ, ಮನೆಯಲ್ಲಿ ಓದಿ ಬರುವ ಹೊರೆಯೇ ಇಲ್ಲದಂತೆ, ಕೂಟದಲ್ಲಿಯೇ ಸರದಿಯ ಮೇಲೆ ಓದುವುದು ಸಾಧ್ಯ. ಹಿರಿಯರಿರುವ ಮನೆಗಳಲ್ಲಿ ರಾತ್ರಿ ಊಟದ ನಂತರ ಇಪ್ಪತ್ತು ನಿಮಿಷ ಒಬ್ಬರು ಓದಿ ಉಳಿದವರು ಕೇಳುವುದು ಇದಕ್ಕಿಂತಲೂ ಸುಲಭ. ಕಣ್ಣು ಮಂಜಾದ ಅಜ್ಜಿಗೋ ಅಪ್ಪನಿಗೋ ಓದಿ ಹೇಳಿದರೆ, ಅವರು ನಡುವೆ ನಿಲ್ಲಿಸಿ ಹೇಳುವ ಸಂಗತಿಗಳು ಯಾವ ಟಿಪ್ಪಣಿಯಲ್ಲಿಯೂ ಸಿಗುವುದಿಲ್ಲ.

ಇದರ ಮಿತಿಯನ್ನೂ ಹೇಳಬೇಕು. ಗಟ್ಟಿಯಾಗಿ ಓದುವಾಗ ನಿಂತು ಯೋಚಿಸಲು ಆಗುವುದಿಲ್ಲ. ಪಾತ್ರದ ಮನಸ್ಸಿನೊಳಗೆ ನಡೆಯುವ ದೀರ್ಘ ತುಯ್ತಗಳಿರುವ ಕಡೆ, ದೇವಯ್ಯನ ಮತಾಂತರದ ಯೋಚನೆಯ ಸುತ್ತಲಿನ ಭಾಗಗಳಲ್ಲಿ, ಒಬ್ಬರೇ ಮತ್ತೊಮ್ಮೆ ಓದಿಕೊಳ್ಳುವ ಅಗತ್ಯ ಬೀಳುತ್ತದೆ. ಇನ್ನೊಬ್ಬರು ಮಲೆನಾಡಿನ ಮಾತನ್ನು ಅಣಕದಂತೆ ಎಳೆದೆಳೆದು ಓದುವ ಅಪಾಯವೂ ಇದೆ. ಅದು ಬಂದರೆ ತಕ್ಷಣ ತಿದ್ದಬೇಕು. ತಮ್ಮ ಊರಿನ ಉಚ್ಚಾರದಲ್ಲಿಯೇ ಸರಳವಾಗಿ ಓದಿದರೆ ಸಾಕು.

ಅನುವಾದ, ನಾಟಕ, ಕುಪ್ಪಳಿ

ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಕನ್ನಡ ಓದದೆ ಬೆಳೆದ ಎರಡನೆಯ ತಲೆಮಾರಿನವರು ಈಗ ಎಲ್ಲ ಕಡೆ ಇದ್ದಾರೆ. ಅವರಿಗೆ ವನಮಾಲಾ ವಿಶ್ವನಾಥ ಅವರು ಈಚೆಗೆ ಮಾಡಿರುವ ಇಂಗ್ಲಿಷ್ ಅನುವಾದ ನಿಜವಾದ ನೆರವು. ಅದನ್ನು ಬಳಸುವ ಕ್ರಮ ಮಾತ್ರ ಮುಖ್ಯ. ಇಂಗ್ಲಿಷಿನಲ್ಲಿ ಒಂದು ಅಧ್ಯಾಯ ಮೊದಲು ಓದಿ, ಯಾರು ಏನು ಮಾಡಿದರೆಂದು ತಿಳಿದುಕೊಂಡು, ಆಮೇಲೆ ಅದೇ ಅಧ್ಯಾಯವನ್ನು ಕನ್ನಡದಲ್ಲಿ ಯಾರಾದರೂ ಓದುವುದನ್ನು ಕೇಳಿದರೆ, ಕಥೆಯ ಚಿಂತೆಯಿಲ್ಲದೆ ಮಾತಿನ ಸೊಗಸಿಗೆ ಮನಸ್ಸು ತೆರೆದುಕೊಳ್ಳುತ್ತದೆ. ಸಾಲು ಸಾಲಿಗೆ ಎರಡನ್ನೂ ಹೋಲಿಸುತ್ತಾ ಹೋದರೆ ಎರಡೂ ಕೈತಪ್ಪುತ್ತವೆ. ಕನ್ನಡವನ್ನು ಸರಾಗವಾಗಿ ಓದಬಲ್ಲವರು ಅನುವಾದದ ಮೊರೆ ಹೋಗಬೇಕಾಗಿಲ್ಲ. ಅವರಿಗೆ ಮನೆಗಳ ಪಟ್ಟಿಯೇ ಸಾಕು.

ನಾಟಕದ ವಿಷಯ ಬೇರೆ. ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ, ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪದಲ್ಲಿ, ಹಂಸಲೇಖ ಅವರ ಸಂಗೀತದೊಂದಿಗೆ 2010ರಲ್ಲಿ ಮೈಸೂರಿನ ರಂಗಾಯಣ ಈ ಕಾದಂಬರಿಯನ್ನು ರಾತ್ರಿಯಿಡೀ, ಸುಮಾರು 9 ಗಂಟೆಗಳ ಕಾಲ ನಡೆಯುವ ಬಯಲು ಪ್ರಯೋಗವಾಗಿ ತಂದಿತು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲಿಯೂ ಅದು ನಡೆಯಿತು. ಪ್ರೇಕ್ಷಕರೇ ಎದ್ದು ಒಂದು ರಂಗದಿಂದ ಇನ್ನೊಂದು ರಂಗಕ್ಕೆ ನಡೆಯುವ ಆ ಏರ್ಪಾಡು, ಮನೆಯಿಂದ ಮನೆಗೆ ಹೋಗುವ ಕಾದಂಬರಿಯ ನಡಿಗೆಗೆ ಬಹಳ ಹತ್ತಿರವಾದದ್ದು. ಪುಸ್ತಕ ಓದುವ ಮೊದಲು ನಾಟಕ ನೋಡಿದವರಿಗೆ ಪಾತ್ರಗಳ ಗೊಂದಲ ಬಹುಪಾಲು ಉಳಿಯುವುದಿಲ್ಲ, ಏಕೆಂದರೆ ಹೆಸರುಗಳಿಗೆ ಮುಖ ಸಿಕ್ಕಿರುತ್ತದೆ. ಆದರೆ ಆ ಮುಖ ಮತ್ತೆ ಅಳಿಸುವುದಿಲ್ಲ, ಮುಂದೇನಾಗುತ್ತದೆಂಬುದೂ ಗೊತ್ತಾಗಿಬಿಟ್ಟಿರುತ್ತದೆ. ಅರ್ಧ ಪುಸ್ತಕ ಓದಿ ನಿಂತುಹೋದವರಿಗೆ, ಮರುಪ್ರಯೋಗವಾದಾಗ, ನಾಟಕ ಒಳ್ಳೆಯದು. ಇನ್ನೂ ಶುರುಮಾಡದವರು ಪುಸ್ತಕದಿಂದಲೇ ಶುರುಮಾಡಲಿ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆ ಈಗ ಸ್ಮಾರಕವಾಗಿದೆ, ಹತ್ತಿರದಲ್ಲಿಯೇ ಕವಿಶೈಲವಿದೆ. ಓದು ಶುರುಮಾಡುವ ಮೊದಲು ಅಲ್ಲಿಗೆ ಹೋಗುವುದಕ್ಕಿಂತ ಮೂರನೇ ಒಂದು ಭಾಗವಾದರೂ ಓದಿ ಹೋಗುವುದು ಲೇಸು. ಆಗ ಆ ಮನೆಯ ಜಗಲಿ, ಮುಂಡಿಗೆ, ಉಪ್ಪರಿಗೆ, ಕತ್ತಲೆಯ ಒಳಕೋಣೆ ಇವು ಪ್ರದರ್ಶನದ ವಸ್ತುಗಳಾಗಿ ಕಾಣುವುದಿಲ್ಲ. ಯಾರು ಎಲ್ಲಿಯವರೆಗೆ ಬರಬಹುದಾಗಿತ್ತು, ಯಾರು ಅಂಗಳದಲ್ಲಿಯೇ ನಿಲ್ಲಬೇಕಾಗಿತ್ತು, ಹೆಂಗಸರು ಯಾವ ಬಾಗಿಲ ಸಂದಿನಿಂದ ಹೊರಗಿನ ಮಾತು ಕೇಳುತ್ತಿದ್ದರು ಎಂಬುದನ್ನು ಕಾದಂಬರಿಯೇ ನಿಮಗೆ ಆಗಲೇ ಹೇಳಿರುತ್ತದೆ. ಮಳೆಗಾಲದಲ್ಲಿ ಹೋದರೆ ಇನ್ನೂ ಒಳ್ಳೆಯದು, ಜಿಗಣೆಗೆ ಹೆದರದಿದ್ದರೆ.

ಹಾಗಾದರೆ ಯಾವುದನ್ನು ಆರಿಸಬೇಕು?

ಇಬ್ಬರಾದರೂ ಜೊತೆಗಿದ್ದರೆ ಗಟ್ಟಿಯಾಗಿ ಓದುವ ಕೂಟವನ್ನೇ ಆರಿಸಿ. ಒಬ್ಬರೇ ಆಗಿದ್ದರೆ ಸನ್ನಿವೇಶದ ಜಾಡು, ಮನೆಗಳ ಪಟ್ಟಿ, ಮತ್ತು ಸಂಭಾಷಣೆ ಬಂದಾಗಲೆಲ್ಲ ದನಿಯೆತ್ತಿ ಓದುವ ಅಭ್ಯಾಸ. ದಿನಕ್ಕಿಷ್ಟು ಪುಟ ಎಂಬ ಲೆಕ್ಕ ಮೊದಲ ನೂರು ಪುಟ ದಾಟಿಸಲು ಊರುಗೋಲಾದರೆ ಸಾಕು, ಆಮೇಲೆ ಅದನ್ನು ಬಿಡಬೇಕು. ನಡುವೆ ಎಲ್ಲಾದರೂ ನಿಂತುಹೋದರೆ ಮೊದಲ ಪುಟದಿಂದ ಮತ್ತೆ ಶುರುಮಾಡಬೇಡಿ. ಈ ಪುಸ್ತಕವನ್ನು ಅರ್ಧಕ್ಕೆ ಬಿಟ್ಟವರಲ್ಲಿ ಬಹಳ ಮಂದಿ ಮೊದಲ ಅಧ್ಯಾಯಗಳನ್ನು ಪದೇ ಪದೇ ಓದಿದವರೇ. ಪಟ್ಟಿಯನ್ನು ಒಮ್ಮೆ ನೋಡಿ, ನಿಂತ ಸನ್ನಿವೇಶದ ಹಿಂದಿನ ಸನ್ನಿವೇಶವನ್ನು ಮಾತ್ರ ಓದಿ ಮುಂದುವರಿಯಿರಿ. ಮರೆತವರು ತಾವಾಗಿಯೇ ನೆನಪಾಗುತ್ತಾರೆ, ಕಾದಂಬರಿ ಅವರನ್ನು ಮತ್ತೆ ಮತ್ತೆ ಬೇರೆ ಬೇರೆ ಕಡೆಯಿಂದ ತಂದು ನಿಲ್ಲಿಸುತ್ತದೆ.

ಕೊನೆಯ ಭಾಗಕ್ಕೆ ಬಂದಾಗ ಯಾವ ಕ್ರಮವನ್ನು ಹಿಡಿದಿದ್ದರೂ ಸ್ವಲ್ಪ ಸಡಿಲಿಸಬೇಕಾಗುತ್ತದೆ. ಹೂವಳ್ಳಿಯ ಮದುವೆಯ ರಾತ್ರಿಯಿಂದ ಮುಂದೆ ಕಥೆಯ ವೇಗವೇ ಬೇರೆ. ಅಷ್ಟು ದಿನ ಬಿಡಿ ಬಿಡಿಯಾಗಿ ಕಂಡ ಮನೆಗಳ ಎಳೆಗಳೆಲ್ಲ ಒಂದರ ಮೇಲೊಂದು ಬಂದು ಸೇರತೊಡಗುತ್ತವೆ. ನಿಧಾನವಾಗಿ ಓದುತ್ತೇನೆಂದು ಸಂಕಲ್ಪ ಮಾಡಿದವರು ಇಲ್ಲಿಯೂ ವಾರಕ್ಕೆ 20 ಪುಟಕ್ಕೇ ಕಟ್ಟುಬಿದ್ದರೆ ಕಾದಂಬರಿಯ ಉಸಿರು ಕಟ್ಟುತ್ತದೆ. ಬಳಗವಾದರೆ ಆ ವಾರ ಎರಡು ಸಲ ಸೇರಿ, ಗಡಿಯಾರ ನೋಡದೆ ಓದಿ. ತುಂಗೆಯನ್ನು ದಾಟುವ ಭಾಗ ಬರುವ ದಿನ ಮುಂಚಿತವಾಗಿಯೇ ಎರಡು ಗಂಟೆಯ ಬಿಡುವು ಮಾಡಿಕೊಂಡು, ಕೊನೆಯ ಪುಟದವರೆಗೆ ಒಂದೇ ಸಲಕ್ಕೆ ಓದಿ ಮುಗಿಸಿ. ಅದರ ಚರ್ಚೆಯನ್ನು ಮಾತ್ರ ಮುಂದಿನ ವಾರಕ್ಕೆ ಇಟ್ಟುಕೊಳ್ಳಿ, ಏಕೆಂದರೆ ಆ ದಿನ ಯಾರಿಗೂ ಮಾತಾಡುವ ಮನಸ್ಸಿರುವುದಿಲ್ಲ.